ಪದ ಪರಿಚಯ: ಐಡ್ಲರ್ ಪುಲ್ಲಿ

ಬಾನೆಟ್ ಎತ್ತಿ ಎಂಜಿನ್ನಿನ ಒಂದು ಪಕ್ಕ ನೋಡಿ. ಕಪ್ಪು ರಬ್ಬರಿನ ಬೆಲ್ಟೊಂದು ಹಲವು ಪುಲ್ಲಿಗಳನ್ನು ಸುತ್ತಿಕೊಂಡಿರುತ್ತದೆ. ಅದು ಸರ್ಪೆಂಟೈನ್ ಬೆಲ್ಟ್. ಈಗ ಬಹುಪಾಲು ಕಾರುಗಳಲ್ಲಿ ಫ್ಯಾನ್ ಕರೆಂಟಿನಿಂದ ತಿರುಗುತ್ತದೆ, ಆದರೂ ಗ್ಯಾರೇಜಿನಲ್ಲಿ ಇದರ ಹೆಸರು ಫ್ಯಾನ್ ಬೆಲ್ಟೇ. ಕರೆಂಟು ತಯಾರಿಸುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಕೆಲವು ಕಾರುಗಳಲ್ಲಿ ವಾಟರ್ ಪಂಪ್ ಮತ್ತು ಪವರ್ ಸ್ಟೀರಿಂಗ್ ಪಂಪ್, ಇಷ್ಟನ್ನೂ ಈ ಒಂದೇ ಬೆಲ್ಟ್ ಓಡಿಸುತ್ತದೆ.

ಇದೇ ಸಾಲಿನಲ್ಲಿ ಯಾವ ಯಂತ್ರಕ್ಕೂ ಸೇರದ ಒಂದೆರಡು ಪುಲ್ಲಿಗಳೂ ಇರುತ್ತವೆ. ಅವು ಐಡ್ಲರ್ ಪುಲ್ಲಿಗಳು. ಬೆಲ್ಟಿನ ದಾರಿ ತಿರುಗಿಸುವುದು, ಪಕ್ಕದ ಪುಲ್ಲಿಗೆ ಬೆಲ್ಟ್ ಇನ್ನಷ್ಟು ಸುತ್ತಿಕೊಳ್ಳುವಂತೆ ಮಾಡುವುದು, ಅಷ್ಟೇ ಅವುಗಳ ಕೆಲಸ. ಇಂಥದ್ದೇ ಪುಲ್ಲಿ ಸ್ಪ್ರಿಂಗ್ ಇರುವ ತೋಳಿನ ತುದಿಯಲ್ಲಿದ್ದರೆ ಅದು ಟೆನ್ಷನರ್. ಬೆಲ್ಟನ್ನು ಸದಾ ಬಿಗಿಯಾಗಿ ಇಡುವುದು ಅದರ ಹೊಣೆ.

ಮೊದಲೆಲ್ಲ ಒಂದೊಂದು ಯಂತ್ರಕ್ಕೆ ಒಂದೊಂದು ವಿ-ಬೆಲ್ಟ್ ಇರುತ್ತಿತ್ತು. ಎಲ್ಲಕ್ಕೂ ಒಂದೇ ಬೆಲ್ಟ್ ಎನ್ನುವ ಏರ್ಪಾಡು ಕಾರಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. 1979ರ ಫೋರ್ಡ್ ಮಸ್ಟಾಂಗ್ ಅದರ ಮೊದಲ ಉದಾಹರಣೆಗಳಲ್ಲಿ ಒಂದು. ಜಾಗ ಉಳಿಯಿತು, ತೂಕ ಇಳಿಯಿತು. ಆದರೆ ಒಂದು ಪುಲ್ಲಿ ಕೈಕೊಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುವ ಕಾಲವೂ ಶುರುವಾಯಿತು.

ಬೆಲ್ಟ್ ಕಡೆಯಿಂದ ಸದ್ದು ಬಂದರೆ ಬಹಳ ಜನ ಬೆಲ್ಟ್ ಬದಲಾಯಿಸಿ ಸುಮ್ಮನಾಗುತ್ತಾರೆ. ವಾರದಲ್ಲಿ ಸದ್ದು ಮತ್ತೆ ಹಾಜರ್. ಯಾಕೆಂದರೆ ಕೆಟ್ಟಿರುವುದು ಪುಲ್ಲಿಯೊಳಗಿನ ಬೇರಿಂಗ್. ಲೆಕ್ಕ ಹಾಕಿ: ಎಂಜಿನ್ನೇ ತಿರುಗಿಸುವ, ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯ ವ್ಯಾಸ 150 ಮಿ.ಮೀ., ಐಡ್ಲರಿನದು 75 ಮಿ.ಮೀ. ಅಂತಿಟ್ಟುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 3000 ಸುತ್ತು ಹೊಡೆದರೆ ಐಡ್ಲರ್ 6000 ಸುತ್ತು ಹೊಡೆಯುತ್ತದೆ. ಅದೂ ಎಂಜಿನ್ನಿನ ಬಿಸಿಯಲ್ಲಿ, ರಸ್ತೆಯ ಧೂಳಿನಲ್ಲಿ, ಮಳೆಗಾಲದಲ್ಲಿ ಕೆಸರು ನೀರಿನಲ್ಲಿ. ಸೀಲ್ ಸವೆಯುತ್ತದೆ, ಗ್ರೀಸ್ ಒಣಗುತ್ತದೆ. ಬಾವಿ ರಾಟೆಗೆ ಬಿಟ್ಟ ಹಾಗೆ ಎರಡು ಹನಿ ಎಣ್ಣೆ ಬಿಟ್ಟರೆ ಸರಿಹೋಗುವುದಿಲ್ಲ. ಇವು ಸೀಲ್ ಮಾಡಿದ ಬೇರಿಂಗುಗಳು, ಎಣ್ಣೆ ಒಳಗೆ ಹೋಗುವುದಿಲ್ಲ. ಬೆಲ್ಟಿನ ಮೇಲೆ ಬಿದ್ದು ರಬ್ಬರ್ ಹಾಳಾಗುತ್ತದೆ, ಅಷ್ಟೇ.

ಸದ್ದನ್ನು ಕಿವಿಗೊಟ್ಟು ಕೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಕೀಚಲು ಸದ್ದು ಸಾಮಾನ್ಯವಾಗಿ ಬೆಲ್ಟ್ ಜಾರುವುದರಿಂದ ಅಥವಾ ಪುಲ್ಲಿಗಳು ಒಂದೇ ನೇರಕ್ಕೆ ಇಲ್ಲದಿರುವುದರಿಂದ ಬರುತ್ತದೆ. ಗರಗರ ಅಂತ ಕೆರೆಯುವ, ಎಂಜಿನ್ ವೇಗದ ಜೊತೆ ಏರುವ ಸದ್ದು ಬೇರಿಂಗಿನದು. ಕೀಚಲು ಯಾವ ಕಾರಣಕ್ಕೆ ಅಂತ ತಿಳಿಯಲು ಮೆಕ್ಯಾನಿಕ್‌ಗಳು ಬೆಲ್ಟಿನ ಗೀರುಗಳಿರುವ ಕಡೆಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸುತ್ತಾರೆ. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿ ವಾಲಿದೆ. ಜಾಸ್ತಿಯಾದರೆ ಬೆಲ್ಟ್ ಸಡಿಲ, ಅಂದರೆ ಟೆನ್ಷನರ್ ಮೇಲೆ ಅನುಮಾನ.

ಖಚಿತವಾಗಬೇಕಾದರೆ ಎಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಬೇಕು. ಇಲ್ಲಿ ಎಷ್ಟೋ ಜನ ಮೋಸಹೋಗುತ್ತಾರೆ. ಸರಾಗವಾಗಿ ಗಿರಗಿರ ತಿರುಗುತ್ತಲೇ ಇರುವ ಪುಲ್ಲಿ ಚೆನ್ನಾಗಿದೆ ಅನಿಸುತ್ತದೆ, ಅಲ್ವಾ? ನಿಜವಾಗಿ ಅದರ ಗ್ರೀಸ್ ಮುಗಿದಿದೆ. ಒಳ್ಳೆಯ ಬೇರಿಂಗ್ ಗ್ರೀಸಿನ ಹಿಡಿತದಲ್ಲಿ ಸದ್ದಿಲ್ಲದೆ ತಿರುಗಿ ಬೇಗ ನಿಲ್ಲುತ್ತದೆ. ಪುಲ್ಲಿಯ ಅಂಚು ಹಿಡಿದು ಅಲುಗಾಡಿಸಿ. ಸ್ವಲ್ಪ ಆಟ ಕಂಡರೂ ಅದು ಹೋದ ಲೆಕ್ಕ. ಟೆನ್ಷನರಿನ ತೋಳನ್ನೂ ಬಿಡಬೇಡಿ. ಬೆಲ್ಟ್ ಇದ್ದು, ಕಾರು ನಿಂತಲ್ಲೇ ಎಂಜಿನ್ ಓಡುವಾಗ (ಐಡಲ್‌ನಲ್ಲಿ) ಅದು ಎದ್ದು ಕಾಣುವಂತೆ ಅದುರುತ್ತಿದ್ದರೆ, ಅಥವಾ ಕೀಲಿನ ಸುತ್ತ ತುಕ್ಕಿನ ಬಣ್ಣದ ಪುಡಿ ಇದ್ದರೆ, ಸವೆದಿರುವುದು ಪುಲ್ಲಿ ಮಾತ್ರವಲ್ಲ. ಪೂರ್ತಿ ಟೆನ್ಷನರ್ ಬದಲಾಯಿಸಬೇಕು.

ಬೆಲ್ಟಿನಲ್ಲಿ ಬಿರುಕು ಹುಡುಕುವ ಹಳೆಯ ಪದ್ಧತಿಯನ್ನು ಈಗ ಪೂರ್ತಿ ನಂಬುವ ಹಾಗಿಲ್ಲ. ಈಗಿನ ಬೆಲ್ಟುಗಳ ಇಪಿಡಿಎಂ ಎಂಬ ಕೃತಕ ರಬ್ಬರ್ ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನಂತೆ ಸವೆಯುತ್ತದೆ. ಅಂಚಿನಲ್ಲಿ ನೂಲು ಎದ್ದಿದ್ದರೆ ಮಾತ್ರ ಯಾವುದೋ ಪುಲ್ಲಿ ವಾಲಿದೆ ಎಂದೇ ಅರ್ಥ.

ಬದಲಾಯಿಸುವುದು ಬಹಳ ಕಾರುಗಳಲ್ಲಿ ದೊಡ್ಡ ಕೆಲಸವಲ್ಲ, ಕೈ ಹೋಗಲು ಜಾಗ ಇದ್ದರೆ. ಕೀ ತೆಗೆದಿಡಿ. ಬೆಲ್ಟ್ ಸುತ್ತಿರುವ ದಾರಿಯ ಫೋಟೊ ತೆಗೆದುಕೊಳ್ಳಿ. ಇದನ್ನು ಬಿಟ್ಟವರು ಆಮೇಲೆ ಗಂಟೆಗಟ್ಟಲೆ ಒದ್ದಾಡುತ್ತಾರೆ. ಉದ್ದ ಹಿಡಿಯ ಸ್ಪ್ಯಾನರಿನಿಂದ ಟೆನ್ಷನರ್ ತೋಳನ್ನು ಸರಿಸಿದರೆ ಬೆಲ್ಟ್ ಸಡಿಲವಾಗಿ ಕೈಗೆ ಬರುತ್ತದೆ. ಐಡ್ಲರನ್ನು ಹಿಡಿದಿರುವುದು ಸಾಮಾನ್ಯವಾಗಿ ನಡುವಿನ ಒಂದೇ ಬೋಲ್ಟ್. ಕೆಲವು ಟೆನ್ಷನರ್ ಪುಲ್ಲಿಗಳ ಬೋಲ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಮಾಡಿ ಬೋಲ್ಟ್ ಮುರಿಯುವುದು ಇಲ್ಲೇ. ಬಲ ಹಾಕುವ ಮೊದಲು ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ, ಎಷ್ಟು ಟಾರ್ಕಿಗೆ ಬಿಗಿಯಬೇಕು ಅಂತಲೂ ಅದರಲ್ಲೇ ಇರುತ್ತದೆ.

ಬೇರಿಂಗ್ ಮಾತ್ರ ಹಾಕಿದರೆ ಸಾಲದೇ? ಲೋಹದ ಪುಲ್ಲಿಗೆ ಕೆಲವೊಮ್ಮೆ ಸಾಕು. ಹಲವು ಐಡ್ಲರುಗಳಲ್ಲಿ 6203 ನಂಬರಿನ, ಅಂದರೆ ಒಳಗೆ 17, ಹೊರಗೆ 40, ಅಗಲ 12 ಮಿ.ಮೀ. ಇರುವ ಬೇರಿಂಗ್ ಇರುತ್ತದೆ. ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಿಗುತ್ತದೆ. ಪ್ಲಾಸ್ಟಿಕ್ ಪುಲ್ಲಿಯಾದರೆ ಆ ಉಳಿತಾಯದ ಆಸೆ ಬಿಡಿ, ಪೂರ್ತಿ ಪುಲ್ಲಿಯನ್ನೇ ಕೊಳ್ಳಿ.

ಬೆಲ್ಟೂ ಹಳೆಯದಾಗಿದ್ದರೆ ಜೊತೆಗೇ ಬದಲಾಯಿಸಿ. ಅದರ ಮೇಲೆ 6ಪಿಕೆ1070 ಎಂಬಂಥ ಗುರುತು ಇರುತ್ತದೆ: ಆರು ಏಣು (ಬೆಲ್ಟಿನ ಉದ್ದಕ್ಕೂ ಇರುವ ಉಬ್ಬುಗೆರೆ), ಉದ್ದ 1070 ಮಿ.ಮೀ. ವಾಪಸ್ ಹಾಕುವಾಗ ಪ್ರತಿ ಏಣೂ ಪುಲ್ಲಿಯ ಮೇಲಿನ ತನ್ನ ಗೀರಿನಲ್ಲೇ ಕೂತಿದೆಯೇ ಅಂತ ಎಲ್ಲ ಪುಲ್ಲಿಗಳ ಮೇಲೂ ಬೆರಳಾಡಿಸಿ ನೋಡಿ. ಒಂದು ಏಣು ಪಕ್ಕಕ್ಕೆ ಸರಿದು ಕೂತರೂ ಹೊಸ ಬೆಲ್ಟ್ ಕಿತ್ತುಹೋಗುತ್ತದೆ.