ಪದ ಪರಿಚಯ: ಸ್ಪ್ಯಾನಿಶ್ ಮಿಶನ್

ಸ್ಪೇನಿನವರು ಅಮೆರಿಕ ಖಂಡದಲ್ಲಿ ನೆಲ ಹಿಡಿಯುತ್ತಾ ಹೋದಾಗ, ಪಾದ್ರಿಗಳು ಒಂದಿಷ್ಟು ಸೈನಿಕರ ಜತೆ ಹೋಗಿ ಕಟ್ಟಿದ ನೆಲೆಗಳೇ ಮಿಶನ್. ಚರ್ಚ್ ಅದರ ಒಂದು ಭಾಗ ಅಷ್ಟೇ. ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿ ಮಾಡಿ, ಬೇಸಾಯ, ನೇಯ್ಗೆ, ದನ ಸಾಕಣೆಗೆ ಹಚ್ಚಿ, ಸ್ಪೇನ್ ದೊರೆಯ ಪ್ರಜೆಗಳನ್ನಾಗಿ ಮಾಡಬೇಕು ಅನ್ನೋದು ಉದ್ದೇಶ. ಕ್ಯಾಲಿಫೋರ್ನಿಯಾ ಒಂದರಲ್ಲೇ 1769ರಿಂದ 1823ರ ನಡುವೆ ಇಂಥ 21 ಮಿಶನ್‌ಗಳು ಎದ್ದವು.

ನೋಡಲೇಬೇಕಾದ್ದು ಯಾವುದು ಅಂದರೆ ನಾನು ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ ಅನ್ನುತ್ತೇನೆ. ಲಾಸ್ ಏಂಜಲಿಸ್‌ಗೂ ಸ್ಯಾನ್ ಡಿಯೇಗೋಗೂ ನಡುವೆ ಇದೆ. ರೈಲು ಇಳಿದು ನಡೆದೇ ಹೋಗಬಹುದು. ಹುನಿಪೆರೊ ಸೆರ್ರಾ ಎಂಬ ಪಾದ್ರಿ ಇದನ್ನು ಶುರು ಮಾಡಿದ್ದು 1776ರ ನವೆಂಬರ್ 1ರಂದು. ಖಂಡದ ಆಚೆ ತುದಿಯಲ್ಲಿ ಅಮೆರಿಕ ಸ್ವಾತಂತ್ರ್ಯ ಸಾರಿದ ವರ್ಷವೇ ಅದು.

ನಮ್ಮ ತೊಟ್ಟಿಮನೆಯ ಹಾಗೆ ನಡುವೆ ಅಂಗಳ, ಸುತ್ತ ಕಮಾನಿನ ಜಗಲಿ, ಮೇಲೆ ಮಣ್ಣಿನ ಹೆಂಚು. ಗೋಡೆಗಳು ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯವು. ಪಕ್ಕದಲ್ಲೇ ದೊಡ್ಡ ಕಲ್ಲಿನ ಚರ್ಚಿನ ಅವಶೇಷ. 1797ರಲ್ಲಿ ಕೆಲಸ ಶುರುವಾಗಿ 1806ರಲ್ಲಿ ಮುಗಿದಿತ್ತು. 1812ರ ಡಿಸೆಂಬರ್ 8ರ ಬೆಳಿಗ್ಗೆ, ಪೂಜೆ ನಡೆಯುತ್ತಿದ್ದಾಗಲೇ ಭೂಕಂಪವಾಗಿ ಚಾವಣಿ ಕುಸಿಯಿತು. ಸುಮಾರು 40 ಜನ ಸತ್ತರು. ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳಾದ ಅಹಾಚೆಮೆನ್ ಜನ. ಆ ಕಲ್ಲುಗಳನ್ನು ಹೊತ್ತು ತಂದು ಚರ್ಚ್ ಎಬ್ಬಿಸಿದವರೂ ಅವರೇ.

ಅವರ ಕತೆ ಗೊತ್ತಿಲ್ಲದೆ ಸುಮ್ನೆ ಹೂದೋಟ ನೋಡಿ ಬಂದರೆ ಮಿಶನ್ ಅರ್ಥವಾಗೋದಿಲ್ಲ. ದೀಕ್ಷಾಸ್ನಾನ ಆದವರು ಅಪ್ಪಣೆ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಚಾಟಿಯೇಟೂ ಬೀಳುತ್ತಿತ್ತು. ದಡಾರದಂಥ ಹೊಸ ರೋಗಗಳಿಗೆ ಊರೂರೇ ಬಲಿಯಾದವು. 2015ರಲ್ಲಿ ಪೋಪ್ ಫ್ರಾನ್ಸಿಸ್ ಸೆರ್ರಾನನ್ನು ಸಂತ ಎಂದು ಸಾರಿದಾಗ ಮೂಲನಿವಾಸಿಗಳಲ್ಲಿ ಅನೇಕರು ವಿರೋಧಿಸಿದ್ದು ಇದಕ್ಕೇ. ಅವರ ನೋವು ನ್ಯಾಯವಾದದ್ದು. ಹಾಗಾಗಿ ಅಲ್ಲಿ ಕೊಬ್ಬು ಕರಗಿಸುತ್ತಿದ್ದ ಒಲೆಗಳು, ಕುಲುಮೆಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಮಿಶನ್ ಬದುಕಿದ್ದು ಅಲ್ಲಿ ಸುರಿದ ಬೆವರಿನಿಂದ.

ಮುಂದೆ ಮೆಕ್ಸಿಕೋ ಸ್ಪೇನಿನಿಂದ ಸ್ವತಂತ್ರವಾದಾಗ ಕ್ಯಾಲಿಫೋರ್ನಿಯಾ ಅದರ ಪಾಲಿಗೆ ಬಂತು. ಮೆಕ್ಸಿಕೋ ಸರ್ಕಾರ ಮಿಶನ್‌ಗಳನ್ನು ಪಾದ್ರಿಗಳ ಕೈಯಿಂದ ಬಿಡಿಸಿತು. 1845ರಲ್ಲಿ ಇದು ಹರಾಜಾಯಿತು, 1865ರಲ್ಲಿ ಮತ್ತೆ ಚರ್ಚಿನ ಪಾಲಾಯಿತು. 1780ರ ದಶಕದ ಸೆರ್ರಾ ಚಾಪೆಲ್ ಎಂಬ ಚಿಕ್ಕ ಚರ್ಚ್ ಇನ್ನೂ ನಿಂತಿದೆ. ಅಲ್ಲಿ ಈಗಲೂ ಪೂಜೆ ನಡೆಯುತ್ತದೆ.

ಹೋಗೋದಾದರೆ ಮಾರ್ಚ್ 19ರ ಆಸುಪಾಸು ಒಳ್ಳೆಯದು. ದಕ್ಷಿಣ ಅಮೆರಿಕದಿಂದ ಸ್ವಾಲೋ ಹಕ್ಕಿಗಳು ವಾಪಸು ಬರುವ ದಿನ ಅಂತ ಊರಲ್ಲಿ ಹಬ್ಬ ಮಾಡುತ್ತಾರೆ. ಹಿಂದೆ ಕಮಾನುಗಳ ಕೆಳಗೆಲ್ಲ ಅವುಗಳ ಮಣ್ಣಿನ ಗೂಡು. ಈಗ ಹಕ್ಕಿಗಳು ಕಡಿಮೆ, ಕರೆಯೋಕೆ ಕೃತಕ ಗೂಡುಗಳನ್ನು ಇಟ್ಟಿದ್ದಾರೆ.

ಉತ್ತರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆಯ ಕನ್ನಡಿಗರಿಗೆ 1797ರ ಮಿಶನ್ ಸ್ಯಾನ್ ಹೋಸೆ ಹತ್ತಿರ. 1868ರ ಭೂಕಂಪದಲ್ಲಿ ಅದರ ಚರ್ಚ್ ಬಿದ್ದುಹೋಯಿತು. ಈಗಿರುವುದು 1985ರಲ್ಲಿ ಹಳೆಯ ಮಾದರಿಯಲ್ಲೇ ಮರಳಿ ಕಟ್ಟಿದ್ದು. ಅಲ್ಲಿಗೆ ಹೋದವರು ಸ್ವಲ್ಪ ದೂರದಲ್ಲಿರುವ ಅಲ್ಲಿನ ಮೂಲನಿವಾಸಿಗಳಾದ ಒಲೋನಿ ಜನರ ಸ್ಮಶಾನವನ್ನೂ ನೋಡಿ ಬನ್ನಿ.