ಹಸಿ ಮೀನಿನಲ್ಲಿ ಹಸಿಯಾಗಿ ಉಳಿದದ್ದೆಷ್ಟು?

ಜಪಾನಿನ ಊರುಗಳಲ್ಲಿ ರೈಲು ನಿಲ್ದಾಣದ ಹಿಂದಿನ ಓಣಿಗಳಲ್ಲಿ ನಡೆದರೆ, ಬಾಗಿಲಿಗೆ ನೋರೆನ್ ಎಂಬ ಬಟ್ಟೆಯ ಪರದೆ ಇಳಿಬಿಟ್ಟ ಪುಟ್ಟ ಸುಶಿ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಒಳಗೆ ಹತ್ತು ಮಂದಿ ಒತ್ತಾಗಿ ಕೂರಬಹುದಾದ ಮರದ ಕೌಂಟರ್, ಅದರ ಮೇಲೆ ಮೀನನ್ನು ತಣ್ಣಗಿಡುವ ಉದ್ದನೆಯ ಗಾಜಿನ ಪೆಟ್ಟಿಗೆ, ಅದರಾಚೆ ನಿಂತೇ ಕೆಲಸ ಮಾಡುವ ಬಾಣಸಿಗ. ಇಲ್ಲಿ ಬಡಿಸುವುದನ್ನು ಹೊರಗಿನವರು 'ಅನ್ನದ ಮೇಲೆ ಹಸಿ ಮೀನು' ಎಂದು ಹೇಳಿ ಮುಗಿಸಿಬಿಡುತ್ತಾರೆ. ಈ ವಿವರಣೆ ಅರ್ಧ ಮಾತ್ರ ಸರಿ. ಆ ಪೆಟ್ಟಿಗೆಯಲ್ಲಿರುವ ಹೆಚ್ಚಿನ ತುಂಡುಗಳು ಬೆಂಕಿಯನ್ನು ಕಂಡಿರುವುದಿಲ್ಲ, ನಿಜ. ಆದರೆ ಉಪ್ಪು, ಆಮ್ಲ, ತಣುಪು ಮತ್ತು ಕಾಲ ಇವುಗಳಲ್ಲಿ ಒಂದಾದರೂ ಅವುಗಳ ಮೇಲೆ ಕೆಲಸ ಮಾಡಿರುತ್ತದೆ.

ಸುಶಿಯ ಹುಟ್ಟೇ ಇದಕ್ಕೆ ಸಾಕ್ಷಿ. ಶಿಗಾ ಪ್ರಾಂತ್ಯದ ಬಿವಾ ಸರೋವರದ ಸುತ್ತಮುತ್ತ ಇಂದಿಗೂ ತಯಾರಾಗುವ ಫುನಾಜುಶಿಯಲ್ಲಿ, ಉಪ್ಪು ಹಾಕಿದ ಸಿಹಿನೀರಿನ ಮೀನನ್ನು ಅನ್ನದ ನಡುವೆ ಅಡಕಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಡುತ್ತಾರೆ. ಅನ್ನದ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಮೀನು ಕೊಳೆಯದಂತೆ ಕಾಯುತ್ತವೆ. ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿನ ತುಂಡಿಟ್ಟು ಕೈಯಿಂದ ಒತ್ತುವ ಇಂದಿನ ನಿಗಿರಿ ಸುಶಿ ರೂಪುಗೊಂಡದ್ದು 1820ರ ದಶಕದ ಎಡೊದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ. ಅದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಹನಾಯಾ ಯೊಹೆಯ್ ಎಂಬ ಬಾಣಸಿಗನಿಗೆ ಕೊಡುತ್ತಾರೆ. ಬ್ಯಾಕ್ಟೀರಿಯಾ ತಿಂಗಳುಗಳಲ್ಲಿ ಮಾಡುತ್ತಿದ್ದ ಆಮ್ಲದ ಬದಲಿಗೆ ವಿನೆಗರ್ ಅನ್ನು ನೇರವಾಗಿ ಅನ್ನಕ್ಕೆ ಸುರಿದದ್ದರಿಂದ, ಬೀದಿಬದಿಯಲ್ಲಿ ನಿಂತ ಗಿರಾಕಿಗೆ ಅದೇ ಹುಳಿರುಚಿ ಕೆಲವೇ ನಿಮಿಷಗಳಲ್ಲಿ ಸಿಗುವಂತಾಯಿತು. ಅಂದು ಬಳಕೆಗೆ ಬಂದ ಕೆಂಪು ವಿನೆಗರ್ ಸಾಕೆ ಮದ್ಯವನ್ನು ಹಿಂಡಿದ ಮೇಲೆ ಉಳಿಯುವ ಗಸಿಯಿಂದ ತಯಾರಾಗುತ್ತಿತ್ತು. ಕೆಲವು ಅಂಗಡಿಗಳು ಈಗಲೂ ಅದನ್ನೇ ಬಳಸುವುದರಿಂದ ಅಲ್ಲಿನ ಅನ್ನ ನಸುಗಂದು ಬಣ್ಣದ್ದಾಗಿರುತ್ತದೆ.

ಅನುಭವಿ ಗಿರಾಕಿಗಳು ಅಂಗಡಿಯನ್ನು ಅಳೆಯುವುದು ಮೀನಿಗಿಂತ ಮೊದಲು ಅನ್ನದಿಂದ, ಮತ್ತು ಅದರಲ್ಲಿ ನ್ಯಾಯವಿದೆ. ಜಪಾನಿನ ಗುಂಡುಕಾಳಿನ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಕಡಿಮೆ, ಕವಲೊಡೆದ ಅಣುರಚನೆಯ ಅಮೈಲೋಪೆಕ್ಟಿನ್ ಹೆಚ್ಚು. ಬೆಂದ ಅಗುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಇದರಿಂದಲೇ. ಬಿಸಿ ಅನ್ನವನ್ನು ಅಗಲವಾದ ಮರದ ತೊಟ್ಟಿಗೆ ಸುರಿದು, ವಿನೆಗರ್, ಉಪ್ಪು, ಸಕ್ಕರೆಯ ಮಿಶ್ರಣ ಚಿಮುಕಿಸಿ, ಮರದ ಸಟ್ಟುಗದಿಂದ ಸೀಳುವಂತೆ ಕಲಸುತ್ತ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಮರವು ಹೆಚ್ಚುವರಿ ನೀರನ್ನು ಹೀರುತ್ತದೆ, ಗಾಳಿಯು ಮೇಲ್ಮೈಯ ತೇವವನ್ನು ಆರಿಸಿ ಅಗುಳಿಗೆ ಹೊಳಪು ಕೊಡುತ್ತದೆ. ಹೀಗೆ ಹದವಾದ ಅನ್ನವನ್ನು ಮೈಬಿಸಿಯ ಆಸುಪಾಸಿನಲ್ಲೇ ಇಟ್ಟುಕೊಳ್ಳಬೇಕು. ಫ್ರಿಜ್ಜಿನಲ್ಲಿಟ್ಟರೆ ಕೆಟ್ಟಿತು: ನೀರು ಹೀರಿ ಬಿಚ್ಚಿಕೊಂಡಿದ್ದ ಪಿಷ್ಟದ ಸರಪಳಿಗಳು ತಣುಪಿನಲ್ಲಿ ಮತ್ತೆ ಸಾಲುಗಟ್ಟಿ ಗಟ್ಟಿಯಾಗುತ್ತವೆ, ಮತ್ತು ಈ ಕ್ರಿಯೆ ಅತಿ ಚುರುಕಾಗಿರುವುದು ನೀರು ಹೆಪ್ಪುಗಟ್ಟುವುದಕ್ಕಿಂತ ತುಸು ಮೇಲಿನ ಉಷ್ಣತೆಯಲ್ಲಿ, ಅಂದರೆ ಸರಿಯಾಗಿ ಫ್ರಿಜ್ಜಿನ ಉಷ್ಣತೆಯಲ್ಲಿ. ಸಕ್ಕರೆಯು ನೀರನ್ನು ಹಿಡಿದಿಟ್ಟು ಇದನ್ನು ಸ್ವಲ್ಪ ತಡೆಯುತ್ತದೆಯಾದರೂ ಪೂರ್ತಿ ನಿಲ್ಲಿಸಲಾರದು. ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಸುಶಿ ಡಬ್ಬಿ ನಿರಾಸೆಗೊಳಿಸಿದರೆ, ದೋಷ ಬಹಳ ಸಲ ಮೀನಿನದ್ದಲ್ಲ.

ಕೌಂಟರಿನ ಎದುರು ಕುಳಿತವರು ನೋಡಬೇಕಾದದ್ದು ಬಾಣಸಿಗನ ಕೈಗಳನ್ನು. ಅನ್ನ ಅಂಟದಿರಲೆಂದು ಅವನು ಬೆರಳುಗಳನ್ನು ವಿನೆಗರ್ ಬೆರೆಸಿದ ನೀರಿಗೆ ಅದ್ದಿ, ಅಂಗೈಗೆ ಒಮ್ಮೆ ತಟ್ಟಿ, ಬಲಗೈಯಿಂದ ಹದಿನೈದಿಪ್ಪತ್ತು ಗ್ರಾಮಿನಷ್ಟು ಅನ್ನವನ್ನು ತೆಗೆದು ಉಂಡೆಯಾಗಿಸುತ್ತಾನೆ; ಅಷ್ಟರಲ್ಲಿ ಎಡಗೈಯ ಬೆರಳುಗಳ ಮೇಲೆ ಮೀನಿನ ತುಂಡು ಬಂದು ಮಲಗಿರುತ್ತದೆ. ತೋರುಬೆರಳ ತುದಿಯಿಂದ ಅದಕ್ಕೆ ವಸಾಬಿ ಎಂಬ ಗಿಡದ ಖಾರದ ತುರಿಯನ್ನು ಸವರಿ, ಅನ್ನವನ್ನಿಟ್ಟು, ಹೆಬ್ಬೆರಳಿನಿಂದ ನಡುವೆ ಸಣ್ಣ ಗುಳಿ ಮಾಡಿ, ಮಗುಚಿ, ಎರಡೋ ಮೂರೋ ಸಲ ಹಗುರವಾಗಿ ಒತ್ತಿದರೆ ಮುಗಿಯಿತು. ಹೊರಗಿನ ಅಗುಳುಗಳು ಒಂದಕ್ಕೊಂದು ಹಿಡಿದುಕೊಂಡಿರಬೇಕು, ಒಳಗೆ ಗಾಳಿ ಉಳಿದಿರಬೇಕು. ಕೈಯಲ್ಲಿ ಮುರಿಯದೆ ನಾಲಿಗೆಯ ಮೇಲೆ ತಾನಾಗಿ ಬಿಚ್ಚಿಕೊಳ್ಳುವ ಗುಣ ಬರುವುದು ಹಾಗೆ. ಇಂಥ ಸಡಿಲ ಉಂಡೆಯ ಅನ್ನದ ಬದಿಯನ್ನು ಸೋಯಾ ಸಾಸಿಗೆ ಅದ್ದಿದರೆ ಅಗುಳುಗಳ ಸಂದುಗಳು ಸಾಸನ್ನು ಮೇಲಕ್ಕೆ ಹೀರಿ, ಉಂಡೆ ಬಟ್ಟಲಲ್ಲೇ ಕುಸಿಯುತ್ತದೆ. ಮೀನಿನ ಬದಿಯನ್ನೇ ಅದ್ದಬೇಕೆಂಬ ನಿಯಮ ಬರಿಯ ಶಿಷ್ಟಾಚಾರವೆಂದು ನನಗೆ ಅನಿಸುವುದಿಲ್ಲ.

ಇನ್ನು ಮೀನು. ಈಗಷ್ಟೇ ಹಿಡಿದ ಮೀನೇ ಅತ್ಯಂತ ರುಚಿ ಎಂಬ ನಂಬಿಕೆಯನ್ನು ಇಲ್ಲಿ ತುಸು ಬದಿಗಿಡಬೇಕಾಗುತ್ತದೆ. ಜೀವಂತ ಸ್ನಾಯುವಿನ ಇಂಧನ ಎಟಿಪಿ ಎಂಬ ಅಣು. ಮೀನು ಸತ್ತ ಮೇಲೆ ಅದು ಮತ್ತೆ ತಯಾರಾಗದೆ ಹಂತಹಂತವಾಗಿ ಒಡೆಯುತ್ತ ಹೋಗುತ್ತದೆ, ಮತ್ತು ಅದು ತೀರಿದಂತೆ ಸ್ನಾಯು ಸೆಟೆದುಕೊಳ್ಳುತ್ತದೆ. ಈ ಒಡೆಯುವಿಕೆಯ ದಾರಿಯ ನಡುವಿನಲ್ಲಿ ಸಿಗುವ ಇನೊಸಿನೇಟ್ ಎಂಬ ವಸ್ತುವೇ ಮೀನಿನ ಉಮಾಮಿಯ, ಅಂದರೆ ಮಾಂಸದ ಸಾರಿನಂಥ ತುಂಬು ರುಚಿಯ ಮೂಲ. ಅದೂ ಮುಂದೆ ಒಡೆದು ಇನೊಸಿನ್ ಆಗಿ, ಕೊನೆಗೆ ಕಹಿಯಾದ ಹೈಪೊಕ್ಸಾಂಥಿನ್ ಆಗುತ್ತದೆ. ಹಾಗಾಗಿ ಆಗತಾನೆ ಕೊಯ್ದ ಮೀನಿನಲ್ಲಿ ಬಿಗುವಿದ್ದರೂ ರುಚಿ ಇನ್ನೂ ಮೂಡಿರುವುದಿಲ್ಲ. ಹೆಚ್ಚು ದಿನ ಇಟ್ಟರೆ ಮೂಡಿದ ರುಚಿಯೂ ಕರಗಿಹೋಗುತ್ತದೆ. ತಾಯ್, ಹಿರಾಮೆ ಮುಂತಾದ ಬಿಳಿ ಮೀನುಗಳನ್ನು ಬಾಣಸಿಗರು ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ತಣ್ಣಗೆ ಒಂದೆರಡು ದಿನ ಇಡುವುದು ಈ ನಡುಘಟ್ಟಕ್ಕಾಗಿ ಕಾಯುವುದರಿಂದ. ಮೀನು ಹಿಡಿಯುವವರ ಪಾಲೂ ಇದರಲ್ಲಿದೆ: ಇಕೆಜಿಮೆ ಎಂಬ ವಿಧಾನದಲ್ಲಿ ಮೀನಿನ ಮಿದುಳನ್ನು ಒಂದೇ ಏಟಿಗೆ ಚುಚ್ಚಿ, ರಕ್ತ ಬಸಿದು, ಬೆನ್ನುಹುರಿಯೊಳಗೆ ತಂತಿ ತೂರಿಸಿ ನರಗಳನ್ನು ನಿಷ್ಕ್ರಿಯಗೊಳಿಸುತ್ತಾರೆ. ಒದ್ದಾಡದೆ ಸತ್ತ ಮೀನಿನಲ್ಲಿ ಎಟಿಪಿ ಹೆಚ್ಚು ಉಳಿದಿರುತ್ತದೆ, ಸೆಟೆತ ತಡವಾಗಿ ಆರಂಭವಾಗುತ್ತದೆ, ಬಾಣಸಿಗನಿಗೆ ಸಮಯ ಸಿಗುತ್ತದೆ. 1959ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಒಡೆಯುವಿಕೆಯನ್ನು ಅಳೆದು ತಾಜಾತನಕ್ಕೆ 'ಕೆ ಮೌಲ್ಯ' ಎಂಬ ಅಳತೆಗೋಲನ್ನು ರೂಪಿಸಿದರು. ಅದು ಸುಮಾರು 20 ಪ್ರತಿಶತಕ್ಕಿಂತ ಕೆಳಗಿರುವ ಮೀನನ್ನು ಹಸಿಯಾಗಿ ತಿನ್ನಲು ಯೋಗ್ಯವೆಂದು ಪರಿಗಣಿಸುತ್ತಾರೆ.

ಇನೊಸಿನೇಟ್ ಒಂಟಿಯಾಗಿ ಅಷ್ಟೇನೂ ಪ್ರಬಲವಲ್ಲ. ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆದಾ 1908ರಲ್ಲಿ ಕೊಂಬು ಎಂಬ ಕಡಲಕಳೆಯ ಸಾರಿನಲ್ಲಿ ಗ್ಲುಟಮೇಟನ್ನು ಗುರುತಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಒಣಗಿಸಿದ ಕತ್ಸುಒ ಮೀನಿನಲ್ಲಿ ಇನೊಸಿನೇಟನ್ನು ಕಂಡುಕೊಂಡರು. ಇವೆರಡೂ ಕೂಡಿದಾಗ ರುಚಿ ಅವುಗಳ ಮೊತ್ತಕ್ಕಿಂತ ಎಷ್ಟೋ ಪಟ್ಟು ತೀವ್ರವಾಗುತ್ತದೆಂಬುದನ್ನು ಅಕಿರಾ ಕುನಿನಾಕಾ 1950–60ರ ದಶಕಗಳಲ್ಲಿ ತೋರಿಸಿಕೊಟ್ಟರು. ಗ್ಲುಟಮೇಟ್ ನಾಲಿಗೆಯಲ್ಲಿ ರುಚಿಯನ್ನು ಗುರುತಿಸುವ ಗ್ರಾಹಕ ಪ್ರೋಟೀನಿನಲ್ಲಿ ಕುಳಿತಾಗ ಅದರ ಎರಡು ದಳಗಳು ಮುಚ್ಚಿಕೊಳ್ಳುತ್ತವೆ. ಇನೊಸಿನೇಟ್ ಪಕ್ಕದಲ್ಲೇ ಬಂದು ಕುಳಿತು ಆ ದಳಗಳು ಬೇಗ ಬಿಚ್ಚಿಕೊಳ್ಳದಂತೆ ಬಾಗಿಲ ಅಗಳಿಯ ಹಾಗೆ ಹಿಡಿದಿಡುತ್ತದೆ. ಸೋಯಾ ಸಾಸಿನಲ್ಲಿ ಗ್ಲುಟಮೇಟ್ ಹೇರಳ, ಮೀನಿನಲ್ಲಿ ಇನೊಸಿನೇಟ್ ಹೇರಳ. ಬಿಳಿ ಮೀನನ್ನು ಕೊಂಬುವಿನ ಹಾಳೆಗಳ ನಡುವೆ ಒತ್ತಿಡುವ ಕೊಬುಜಿಮೆಯಲ್ಲಿ ನಡೆಯುವುದೂ ಇದೇ ಜೋಡಣೆ, ಜೊತೆಗೆ ಒಣ ಕೊಂಬು ಮೀನಿನ ನೀರನ್ನೂ ಹೀರಿಕೊಳ್ಳುತ್ತದೆ.

ಟ್ಯೂನಾದ ಕಥೆ ಬೇರೆ. ಅದರ ಕೆಂಪಿಗೆ ಕಾರಣವಾದ ಮಯೋಗ್ಲೋಬಿನ್ ಗಾಳಿಯ ಸಂಪರ್ಕದಲ್ಲಿ ಕ್ರಮೇಣ ಉತ್ಕರ್ಷಣಗೊಂಡು ಕಂದಾಗುತ್ತದೆ, ಮನೆಯ ಫ್ರೀಜರಿನ ತಣುಪು ಇದನ್ನು ತಡೆಯಲು ಸಾಲದು. ದೂರದ ಕಡಲಲ್ಲಿ ಹಿಡಿದ ಟ್ಯೂನಾವನ್ನು ಹಡಗಿನಲ್ಲೇ ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟಿಸುವುದು ಈ ಕಾರಣಕ್ಕೆ. ಟೋಕಿಯೋದಲ್ಲಿ 2018ರಲ್ಲಿ ಸುಕಿಜಿಯಿಂದ ತೊಯೊಸುವಿಗೆ ಸ್ಥಳಾಂತರಗೊಂಡ ಮಾರುಕಟ್ಟೆಯ ಹರಾಜಿಗೆ ಮಂಜು ಮೆತ್ತಿದ ಟ್ಯೂನಾಗಳೂ ಬರುತ್ತವೆ. ಶೈತ್ಯಾಗಾರಗಳಿಲ್ಲದ ಎಡೊದಲ್ಲಿ ಇದೇ ಮೀನನ್ನು ಸೋಯಾ ಸಾಸಿನಲ್ಲಿ ನೆನೆಹಾಕಿ ಕಾಪಾಡುತ್ತಿದ್ದರು, ಇಂದು ಚಿನ್ನದ ಬೆಲೆಯ ಕೊಬ್ಬಿದ ಹೊಟ್ಟೆಯ ಭಾಗವನ್ನು ಕೀಳೆಂದು ಕಾಣುತ್ತಿದ್ದರು.

ಕೊಹಾದಾ ಎಂಬ ಸಣ್ಣ ಮೀನಿಗೆ ಮತ್ತು ಬಂಗುಡೆಯ ಬಳಗದ ಸಬಾಕ್ಕೆ ಮೊದಲು ಉಪ್ಪು, ಆಮೇಲೆ ವಿನೆಗರ್. ಉಪ್ಪು ನೀರನ್ನು ಹೊರಗೆಳೆದು ಮಾಂಸವನ್ನು ಬಿಗಿಗೊಳಿಸುತ್ತದೆ, ಆಮ್ಲ ಮೇಲ್ಪದರದ ಪ್ರೋಟೀನುಗಳ ಮಡಿಕೆಗಳನ್ನು ಬಿಚ್ಚಿ ಅದನ್ನು ಬೆಂದಂತೆ ಬೆಳ್ಳಗಾಗಿಸುತ್ತದೆ. ಆದರೆ ಇದನ್ನು ನೋಡಿ ಅಪಾಯವೂ ಕಳೆಯಿತೆಂದು ತಿಳಿಯಬಾರದು. ಸಬಾದಲ್ಲಿ ಸಾಮಾನ್ಯವಾಗಿರುವ ಅನಿಸಾಕಿಸ್ ಎಂಬ ಪರಾವಲಂಬಿ ಹುಳುವಿನ ಮರಿಗಳು ಅಡುಗೆಯ ವಿನೆಗರಿಗೆ, ಉಪ್ಪಿಗೆ, ವಸಾಬಿಗೆ ಸಾಯುವುದಿಲ್ಲ. ಜಪಾನಿನ ಆರೋಗ್ಯ ಸಚಿವಾಲಯ ಹೇಳುವುದು ಎರಡೇ ಖಚಿತ ದಾರಿ: ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ 24 ಗಂಟೆಗಿಂತ ಹೆಚ್ಚು ಕಾಲ ಹೆಪ್ಪುಗಟ್ಟಿಸುವುದು, ಇಲ್ಲವೇ 60 ಡಿಗ್ರಿಯಲ್ಲಿ ಒಂದು ನಿಮಿಷ ಬೇಯಿಸುವುದು. ಜಪಾನಿನಲ್ಲಿ ಸಾಲ್ಮನ್ನನ್ನು ಹಸಿಯಾಗಿ ತಿನ್ನುವ ರೂಢಿ ಮೊದಲು ಇರಲಿಲ್ಲವೆಂಬುದಕ್ಕೂ ಈ ಹುಳುವೇ ಕಾರಣ. ಸಂಸ್ಕರಿಸಿದ ಮೇವು ತಿಂದು ಬೆಳೆದ ಸಾಕಣೆಯ ಮೀನಿಗೆ ಹುಳು ತಗಲುವ ಸಂಭವ ತೀರಾ ಕಡಿಮೆ. ನಾರ್ವೆಯವರು 1980ರ ದಶಕದಿಂದ ಇದನ್ನೇ ಹೇಳಿ ಮಾರುಕಟ್ಟೆ ಗಳಿಸಿದರು.

ವಸಾಬಿಯ ಗೆಡ್ಡೆಯಂಥ ಕಾಂಡದಲ್ಲಿ ಖಾರವೆಂಬುದು ಸಿದ್ಧವಾಗಿ ಇರುವುದೇ ಇಲ್ಲ. ಸಿನಿಗ್ರಿನ್ ಎಂಬ ವಸ್ತುವೂ ಮೈರೊಸಿನೇಸ್ ಎಂಬ ಕಿಣ್ವವೂ ಪ್ರತ್ಯೇಕ ಕೋಣೆಗಳಲ್ಲಿರುತ್ತವೆ. ತುರಿದು ಜೀವಕೋಶಗಳು ಒಡೆದಾಗ ಅವು ಸೇರಿ ಅಲೈಲ್ ಐಸೊಥಯೊಸಯನೇಟ್ ಹುಟ್ಟುತ್ತದೆ. ಕೋಶಗಳು ನುಣ್ಣಗೆ ಒಡೆದಷ್ಟೂ ಒಳ್ಳೆಯದಾದ್ದರಿಂದ ಶಾರ್ಕಿನ ಚರ್ಮ ಹೊದಿಸಿದ ತುರಿಮಣೆಗೆ ಇನ್ನೂ ಬೆಲೆಯಿದೆ. ಈ ವಸ್ತು ಬೇಗ ಆವಿಯಾಗುವುದರಿಂದ ಅದರ ಘಾಟು ನಾಲಿಗೆಗಿಂತ ಮೂಗಿಗೆ ಹೊಡೆಯುತ್ತದೆ, ತುರಿದಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಮಾಯವಾಗುತ್ತದೆ. ಕಿವಿ ಕೇಳದವರನ್ನು ಬೆಂಕಿ ಅನಾಹುತದ ವೇಳೆ ನಿದ್ದೆಯಿಂದ ಎಬ್ಬಿಸಲು ಇದೇ ಘಾಟನ್ನು ಸಿಂಪಡಿಸುವ ಎಚ್ಚರಿಕೆ ಯಂತ್ರ ಮಾಡಿದ ಜಪಾನಿನ ತಂಡಕ್ಕೆ 2011ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂದದ್ದು ನಗೆಯ ವಿಷಯವಾದರೂ, ಉಪಾಯ ಮಾತ್ರ ಗಟ್ಟಿಯಾದದ್ದೇ.

ಊಟದ ಕೊನೆಗೆ ಬರುವ ಸುರುಳಿ ಸುಶಿಯ ನೋರಿ ಹಾಳೆಯ ಹಿಂದೆಯೂ ದೊಡ್ಡ ಕಥೆಯಿದೆ. ಈ ಕಡಲಕಳೆ ಬೇಸಿಗೆಯಲ್ಲಿ ಎಲ್ಲಿ ಅಡಗುತ್ತದೆಂಬುದು ತಿಳಿಯದೆ ಜಪಾನಿನ ಬೆಳೆಗಾರರು ಅದೃಷ್ಟವನ್ನೇ ನಂಬಿಕೊಂಡಿದ್ದಾಗ, ಬ್ರಿಟನ್ನಿನ ಕ್ಯಾಥ್ಲೀನ್ ಡ್ರೂ-ಬೇಕರ್ 1949ರಲ್ಲಿ ಅದು ಚಿಪ್ಪುಗಳೊಳಗೆ ಸೂಕ್ಷ್ಮ ಎಳೆಗಳಾಗಿ ಬದುಕುವ ಘಟ್ಟವನ್ನು ಪತ್ತೆಹಚ್ಚಿದರು; ಇಂದಿನ ನೋರಿ ಕೃಷಿ ನಿಂತಿರುವುದು ಆ ಶೋಧದ ಮೇಲೆ. ನೋರಿಯ ಕೋಶಭಿತ್ತಿಯಲ್ಲಿರುವ ಪೊರ್ಫಿರಾನ್ ಎಂಬ ಶರ್ಕರವನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿ ಇಲ್ಲ. ಆದರೆ ಅದರ ವಂಶವಾಹಿ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾದಲ್ಲಿ ಇದೆಯೆಂದೂ, ಹೋಲಿಕೆಗೆ ತೆಗೆದುಕೊಂಡ ಉತ್ತರ ಅಮೆರಿಕನ್ನರಲ್ಲಿ ಕಾಣಲಿಲ್ಲವೆಂದೂ 2010ರ ಒಂದು ಅಧ್ಯಯನ ತೋರಿಸಿತು. ಕಡಲಕಳೆಯ ಮೇಲೆ ಬದುಕುವ ಬ್ಯಾಕ್ಟೀರಿಯಾಗಳಿಂದ ಅದು ಕರುಳಿನ ಬ್ಯಾಕ್ಟೀರಿಯಾಗಳಿಗೆ ದಾಟಿರಬೇಕು. ಇಂದು ಹುರಿದ ನೋರಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿದಿರುವುದು ಕಷ್ಟವಾದ್ದರಿಂದ, ಆ ದಾಟುವಿಕೆ ನಡೆದದ್ದು ಕಡಲಕಳೆಯನ್ನು ಹುರಿಯದೆ ತಿನ್ನುತ್ತಿದ್ದ ಕಾಲದಲ್ಲಿ ಎಂದು ಊಹಿಸಬಹುದು.