ಮರಿ ಹೆಚ್ಚಿದರೆ ಹಿಂಡು ಹೆಚ್ಚಿದಂತೆಯೇ?

ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಒಂದು ಮಾತು ಪದೇಪದೇ ಕೇಳುತ್ತದೆ: "ಮೊದಲು ಹಿಂಡಿನಲ್ಲಿ ಎರಡು ಮರಿ ಇರ್ತಿದ್ವು, ಈಗ ನಾಲ್ಕಿವೆ. ಆನೆ ಜಾಸ್ತಿ ಆಗ್ಬಿಟ್ಟಿವೆ." ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದಕ್ಕೂ ತೀರ್ಮಾನಕ್ಕೂ ನಡುವೆ ಒಂದು ಲೆಕ್ಕ ಬಿಟ್ಟುಹೋಗಿದೆ. ಅದನ್ನು ಮಾಡಲು ಎಕ್ಸೆಲ್ ಹಾಳೆ ಸಾಕು.

ಲೆಕ್ಕಕ್ಕೆ ಹೆಣ್ಣಾನೆಗಳು ಮಾತ್ರ. ಒಂದು ಸಾಲು ಒಂದು ವರ್ಷ, ಒಂದು ಕಾಲಂ ಒಂದು ವಯಸ್ಸು: 0ಯಿಂದ 14ರವರೆಗೆ ಒಂದೊಂದು, ಕೊನೆಯದು 15 ಮತ್ತು ಮೇಲ್ಪಟ್ಟವು. ಹುಟ್ಟಿದ ಹೆಣ್ಣುಮರಿ ಮೊದಲ ವರ್ಷ ದಾಟುವ ಸಾಧ್ಯತೆ 0.88, ಅಲ್ಲಿಂದ ಐದು ತುಂಬುವವರೆಗೆ ವರ್ಷಕ್ಕೆ 0.95, ಆಮೇಲೆ 0.97 ಎಂದಿಟ್ಟುಕೊಳ್ಳಿ. ವಯಸ್ಕ ಹೆಣ್ಣು ಐದು ವರ್ಷಕ್ಕೊಂದು ಮರಿ ಹಾಕಿದರೆ, ಅದರಲ್ಲಿ ಅರ್ಧ ಹೆಣ್ಣು ಎಂದು, ವರ್ಷಕ್ಕೆ 0.10 ಹೆಣ್ಣುಮರಿ. 0 ಕಾಲಮ್ಮಿಗೆ ಅದೇ ಸಾಲಿನ ಕೊನೆಯ ಕಾಲಮ್ಮಿನ ಹತ್ತನೇ ಒಂದು ಭಾಗ ಬರುತ್ತದೆ. ಉಳಿದ ಪ್ರತಿ ಕಾಲಮ್ಮಿಗೂ ಹಿಂದಿನ ಸಾಲಿನ ಎಡಗಡೆಯ ಮನೆಯನ್ನು ಬದುಕುಳಿಯುವ ದರದಿಂದ ಗುಣಿಸಿ ಹಾಕಿ. ಕೊನೆಯ ಕಾಲಮ್ಮಿಗೆ ಮಾತ್ರ 14ರವು, ಆಗಲೇ ದೊಡ್ಡವಾಗಿದ್ದವು, ಎರಡನ್ನೂ ಕೂಡಿ 0.97ರಿಂದ ಗುಣಿಸಬೇಕು. ಇವು ಲೆಕ್ಕ ತೋರಿಸಲು ಇಟ್ಟ ಅಂಕಿಗಳು, ಹಾಸನದ ಆನೆಗಳಿಂದ ಅಳೆದು ತಂದವಲ್ಲ.

ಇಲ್ಲಿ ಅನೇಕರು ಮಾಡುವ ತಪ್ಪೊಂದಿದೆ. ಹದಿನಾರು ಕಾಲಂ ಯಾಕೆಂದು ಮರಿ, ಎಳೆಯದು, ಹರೆಯದ್ದು, ದೊಡ್ಡದು ಎಂದು ನಾಲ್ಕೇ ಹಂತ ಮಾಡುತ್ತಾರೆ. ಹತ್ತು ವರ್ಷದ ಹಂತವಾದರೆ ವರ್ಷಕ್ಕೆ ಹತ್ತನೇ ಒಂದು ಪಾಲು ಮುಂದಕ್ಕೆ ತಳ್ಳುತ್ತಾರೆ. ಆಗ ಈ ವರ್ಷ ಹುಟ್ಟಿದ ಮರಿಗಳಲ್ಲಿ ಕೆಲವು ಮೂರೇ ವರ್ಷಕ್ಕೆ ತಾಯಂದಿರ ಸಾಲಿಗೆ ಸೇರಿಬಿಡುತ್ತವೆ! ಬೆಳವಣಿಗೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಹದಿನೈದು ವರ್ಷದ ತಡ ಅಳಿಸಿಹೋಗುತ್ತದೆ. ಆನೆಯ ಲೆಕ್ಕದಲ್ಲಿ ಆ ತಡವೇ ಮುಖ್ಯ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದ 1979ರಲ್ಲಿ ಹುಟ್ಟಿದ ಹೆಣ್ಣುಮರಿ ಇವತ್ತಿಗೂ ಹಿಂಡು ನಡೆಸುತ್ತಿರಬಹುದು.

ಹಾಳೆಯನ್ನು ಕೆಳಕ್ಕೆ ಎಳೆಯುತ್ತ ಹೋದರೆ ವಾರ್ಷಿಕ ಬೆಳವಣಿಗೆ ಶೇ 1.4ರ ಹತ್ತಿರ ನಿಲ್ಲುತ್ತದೆ. ಮೊದಲ ಕೆಲವು ದಶಕಗಳ ಏರಿಳಿತವನ್ನು ಬೆಳವಣಿಗೆ ಎಂದು ಓದಬಾರದು. ಆರಂಭದಲ್ಲಿ ಯಾವ ವಯಸ್ಸಿನವು ಎಷ್ಟು ತುಂಬಿದ್ದಿರಿ ಎಂಬುದರ ನೆರಳು ಅದು. ಹರೆಯದವು ಒಟ್ಟಿಗೆ ತಾಯಿಯಾಗುವ ಕಾಲದಲ್ಲಿ ಮರಿಗಳು ದಿಢೀರನೆ ಹೆಚ್ಚಾಗಿ ಕಾಣುವುದು ನಿಜವಾದ ಹಿಂಡಿನಲ್ಲೂ ಉಂಟು.

ಈಗ ಒಂದೊಂದೇ ಅಂಕಿ ಅಲುಗಿಸಿ. ಮೊದಲ ವರ್ಷದ ಮರಿ ಉಳಿಯುವುದನ್ನು 0.88ರಿಂದ 0.78ಕ್ಕೆ ಇಳಿಸಿದರೂ ಬೆಳವಣಿಗೆ ಶೇ 1ರಷ್ಟು ಉಳಿಯುತ್ತದೆ. ಮರಿಗಳ ಅಂತರ ಐದರಿಂದ ಆರು ವರ್ಷವಾದರೆ ಶೇ 0.9. ವಯಸ್ಕ ಹೆಣ್ಣಿನ, ಅಂದರೆ ಆಗಲೇ 15 ತುಂಬಿದವುಗಳ, ಉಳಿವು ಮಾತ್ರ 0.97ರಿಂದ 0.94ಕ್ಕೆ ಇಳಿದರೆ? ಬೆಳವಣಿಗೆ ನಿಂತು, ವರ್ಷಕ್ಕೆ ಶೇ 0.4ರಂತೆ ಕರಗಲು ಶುರು. ಮೂವತ್ತು ವಯಸ್ಕ ಹೆಣ್ಣಾನೆ ಇರುವ ಕಡೆ ಈ ಮೂರಂಶದ ವ್ಯತ್ಯಾಸವೆಂದರೆ ವರ್ಷಕ್ಕೆ ಹೆಚ್ಚುವರಿ ಒಂದು ಸಾವು. ತೋಟದಲ್ಲಿ ಜೋತುಬಿದ್ದ ಒಂದು ತಂತಿ, ಬೇಲಿಗೆ ನೇರ ಹರಿಸಿದ ಕರೆಂಟು ಅದಕ್ಕೆ ಸಾಕು.

ತೋಟ-ಗದ್ದೆಯ ನಾಡಿನಲ್ಲಿ ಎರಡು ಬದಲಾವಣೆ ಒಟ್ಟಿಗೇ ಬರುವುದು ಸಾಧ್ಯ. ಭತ್ತ, ಹಲಸು, ಬಾಳೆ ತಿಂದ ಹೆಣ್ಣಾನೆ ಬೇಗ ಮತ್ತೆ ಗಬ್ಬವಾಗಬಹುದು, ಹಾಗೆಯೇ ಮನುಷ್ಯರ ನಡುವೆ ಸಾಯುವ ಅಪಾಯವೂ ಹೆಚ್ಚಬಹುದು. ಅಂತರವನ್ನು ನಾಲ್ಕು ವರ್ಷಕ್ಕೂ ವಯಸ್ಕ ಉಳಿವನ್ನು 0.94ಕ್ಕೂ ಇಳಿಸಿ ನೋಡಿ: ಬೆಳವಣಿಗೆ ಶೇ 0.3, ಅಂದರೆ ಹೆಚ್ಚುಕಡಿಮೆ ನಿಂತ ನೀರು. ಹಿಂಡಿನ ತುಂಬ ಮರಿ, ಒಟ್ಟು ಸಂಖ್ಯೆ ಇದ್ದಲ್ಲೇ. ತೋಟದವರ ಕಣ್ಣೂ ಸರಿ, ಹಾಳೆಯೂ ಸರಿ. ಇನ್ನು ಒಂಟಿ ಸಲಗಗಳನ್ನು ಹಿಡಿದು ಬೇರೆಡೆ ಬಿಟ್ಟರೆ ಬೆಳೆಹಾನಿ ಇಳಿಯಬಹುದು, ಈ ಲೆಕ್ಕದ ಬೆಳವಣಿಗೆ ದರ ಮಾತ್ರ ಅಲುಗುವುದಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆ.

ಮಳೆಯನ್ನು ಸೇರಿಸುವಾಗ "ಶೇ 10 ಮಳೆ ಕಡಿಮೆ, ಶೇ 10 ಮರಿ ಕಡಿಮೆ" ಎಂದು ಬರೆಯಬೇಡಿ. ಆನೆ ಗಬ್ಬ ಹೊರುವುದು 20-22 ತಿಂಗಳು. ಈ ವರ್ಷ ಮೇವು ಸೊರಗಿ ಗಬ್ಬ ನಿಲ್ಲದಿದ್ದರೆ ಅದು ಕಾಣುವುದು ಎರಡು ವರ್ಷ ಬಿಟ್ಟು. ಹಾಲು ಸಾಲದೆ ಮರಿ ಸಾಯುವುದು ಅದೇ ವರ್ಷ. ಹೀಗಾಗಿ ಜನನಕ್ಕೆ ಎರಡು ವರ್ಷ ಹಿಂದಿನ ಮಳೆ, ಮರಿಯ ಉಳಿವಿಗೆ ಆ ವರ್ಷದ ಮಳೆ ಕೊಡಬೇಕು. ಉಳಿವಿನ ದರವನ್ನು ಲಾಜಿಟ್ ಮಾಪಕದಲ್ಲಿ (ಎಷ್ಟೇ ಅಲುಗಿಸಿದರೂ ದರವನ್ನು 0 ಮತ್ತು 1ರ ನಡುವೆಯೇ ಇರಿಸುವ ಗಣಿತದ ಅಳತೆ) ಬದಲಿಸಿ, ಇಲ್ಲವಾದರೆ ಒಳ್ಳೆಯ ಮಳೆಯ ವರ್ಷ ನೂರು ಮರಿಯಲ್ಲಿ ನೂರಮೂರು ಬದುಕುತ್ತವೆ. ಹಿಂಡು ಸಣ್ಣದಾದ್ದರಿಂದ 29.1 ಆನೆ ಎಂದು ಗುಣಿಸುವ ಬದಲು ಪ್ರತಿ ಆನೆಗೂ ನಾಣ್ಯ ಚಿಮ್ಮಿದಂತೆ ಸಾವು-ಬದುಕು ಎತ್ತಿ, ಸಾವಿರ ಸಲ ಓಡಿಸಿ, ಒಂದು ಗೆರೆಯ ಬದಲು ಹರವು ತೋರಿಸಿ.

ಲೆಕ್ಕಕ್ಕೆ ಉಣಿಸುವ ಗಣತಿಯೇ ಕೆಟ್ಟಿದ್ದರೆ ಇದೆಲ್ಲ ವ್ಯರ್ಥ. ಲದ್ದಿ ಗುಡ್ಡೆ ಎಣಿಸಿ ಆನೆ ಎಷ್ಟೆಂದು ಅಂದಾಜಿಸುವ ಕ್ರಮವನ್ನೇ ನೋಡಿ. ಚದರ ಕಿಲೋಮೀಟರಿಗೆ 800 ಲದ್ದಿ ಗುಡ್ಡೆ, ಆನೆಯೊಂದು ದಿನಕ್ಕೆ 16 ಸಲ ಹಾಕುತ್ತದೆ, ಗುಡ್ಡೆ 100 ದಿನ ಉಳಿಯುತ್ತದೆ ಎಂದರೆ ಚದರ ಕಿಲೋಮೀಟರಿಗೆ 0.5 ಆನೆ. ಮಲೆನಾಡಿನ ಮಳೆಗೆ ಅದು 60 ದಿನಕ್ಕೇ ಕರಗಿದರೆ ಉತ್ತರ 0.83. ಒಂದು ಆನೆಯೂ ಹುಟ್ಟದೆ ಮೂರನೇ ಎರಡರಷ್ಟು ಹೆಚ್ಚಳ! ಕೊಳೆಯುವ ದಿನಗಳನ್ನು ಅದೇ ಜಾಗ, ಅದೇ ಋತುವಿನಲ್ಲಿ ಗುಡ್ಡೆಗಳಿಗೆ ಗುರುತು ಹಾಕಿ ಅಳೆಯಬೇಕು.

ಅದಕ್ಕಿಂತ ಉಪಯುಕ್ತವಾದದ್ದು ಹೆಣ್ಣಾನೆಗಳ ಪಟ್ಟಿ. ಏಷ್ಯಾದ ಹೆಣ್ಣಾನೆಗೆ ಉದ್ದ ದಂತವಿಲ್ಲ, ಗುರುತಿಗೆ ಕಿವಿಯಂಚಿನ ಹರಕು, ಕಿವಿಯ ಮಡಿಕೆ, ಬಾಲದ ಕೂದಲು ನೋಡಬೇಕು. ಎರಡೂ ಪಕ್ಕದಿಂದ ಫೋಟೋ, ದಿನಾಂಕ, ಜೊತೆಗಿದ್ದ ಮರಿಗಳು ಇದ್ದರೆ ಸಾಕು. ಕಾಣದಾದದ್ದನ್ನು ಸತ್ತ ಸಾಲಿಗೆ ಹಾಕುವ ಆತುರ ಬೇಡ, ಕೊಡಗಿನ ಕಡೆ ದಾಟಿರಬಹುದು. ಮೂವತ್ತು ಹೆಣ್ಣಾನೆಗಳನ್ನು ಐದು ವರ್ಷ ಹಿಂಬಾಲಿಸಿದರೆ 0.97ರ ಲೆಕ್ಕಕ್ಕೆ ನಾಲ್ಕೈದು ಸಾವು, 0.94ಕ್ಕೆ ಸುಮಾರು ಎಂಟು. ಆರೋ ಏಳೋ ಬಂದರೆ ಯಾವುದೆಂದು ಹೇಳಲಾಗದು, ಪಟ್ಟಿಯನ್ನು ಇನ್ನೂ ಐದು ವರ್ಷ ನಡೆಸಬೇಕಾಗುತ್ತದೆ.